ಸೆರೆಯಾಳೋ, ದರೋಡೆಗಾರನೋ?

ಕಾಳಗದಲ್ಲಿ ಸೆರೆಸಿಕ್ಕವನನ್ನು ಏನೆಂದು ಕರೆಯಬೇಕು? ಸೈನಿಕನೆಂದರೆ ಅವನಿಗೆ ಅನ್ನ, ಔಷಧ, ಬಿಡುಗಡೆಯ ಆಸೆ ಉಂಟು. ದರೋಡೆಗಾರನೆಂದರೆ ನೇಣೊಂದೇ. ಹೆಸರಿಡುವ ಅಧಿಕಾರ ಮಾತ್ರ ಬಲವುಳ್ಳವನ ಕೈಯಲ್ಲಿ. ಮ್ಹೈಸಾಳದ ಕನ್ನಡಿಗರಾದ ನಾವು ಇದನ್ನರಿಯಲು ದೂರ ಹೋಗಬೇಕಾಗಿಲ್ಲ. ಕಿತ್ತೂರಿನ ಕಥೆಯೇ ಸಾಕು.

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಲ್ಲಿ ಹತನಾದನು. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕರು. ಡಿಸೆಂಬರಿನಲ್ಲಿ ಕಮಿಷನರ್ ಚಾಪ್ಲಿನ್ ದೊಡ್ಡ ದಂಡು ತಂದಾಗ ಕಿತ್ತೂರಿನವರು ಇಬ್ಬರನ್ನೂ ಜೀವಸಹಿತ ಬಿಟ್ಟುಕೊಟ್ಟರು. ಯುದ್ಧ ನಿಲ್ಲಿಸುವ ಭರವಸೆಯ ಮೇಲೆ ಬಿಟ್ಟರೆಂದು ನಮ್ಮ ಜನ ಹೇಳುತ್ತ ಬಂದಿದ್ದಾರೆ. ಯುದ್ಧ ನಿಲ್ಲಲಿಲ್ಲ, ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಬದುಕಿ ಹೋದ ಎಲಿಯಟ್ ಮುಂದೆ ನಮ್ಮ ಸೀಮೆಯ ನೂರಾರು ಶಾಸನಗಳ ಪ್ರತಿ ಸಂಗ್ರಹಿಸಿದನು.

ಆ ಬಳಿಕ ಕಿತ್ತೂರಿನ ಗದ್ದುಗೆಗಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣ 1830ರಲ್ಲಿ ಮೋಸದಿಂದ ಸೆರೆಸಿಕ್ಕನು. ಕಂಪನಿಯ ಲೆಕ್ಕದಲ್ಲಿ ಅವನು ಸೈನಿಕನಲ್ಲ, ಅಪರಾಧಿ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಕಿತ್ತೂರಿನವರು ಸೆರೆಯಾಳುಗಳನ್ನು ಇಟ್ಟುಕೊಂಡಿದ್ದು ಕೇವಲ ಚೌಕಾಶಿಗಾಗಿ ಎಂದು ಕೆಲವರು ವಾದಿಸಬಹುದು. ಇರಲಿ. ಚೌಕಾಶಿಗೂ ಎದುರಾಳಿಯನ್ನು ಮನುಷ್ಯನೆಂದು ಒಪ್ಪಬೇಕು. ನೇಣಿಗೆ ಅದೂ ಬೇಡ.

ಇದೇ ತಕರಾರು 1945ರಲ್ಲಿ ಕೆಂಪುಕೋಟೆಯಲ್ಲಿ ಎದ್ದಿತು. ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ಮೇಲೆ ಅರಸನ ವಿರುದ್ಧ ಯುದ್ಧ ಹೂಡಿದ ಆರೋಪ. ಬಿಡುಗಡೆಗಾಗಿ ಹೋರಾಡುವ ಜನರಿಗೂ ಯುದ್ಧ ಮಾಡುವ ಹಕ್ಕುಂಟೆಂದು ವಕೀಲ ಭೂಲಾಭಾಯಿ ದೇಸಾಯಿ ವಾದಿಸಿದರು. 1977ರ ಜಿನೀವಾ ಪ್ರೋಟೋಕಾಲ್ ಪರಕೀಯ ಆಳ್ವಿಕೆಯ ವಿರುದ್ಧ ಹೋರಾಡುವವರಿಗೂ ಯುದ್ಧಕೈದಿಯ ಹಕ್ಕು ಕೊಟ್ಟಿತು. ವಿಷಾದವೆಂದರೆ, ಭಾರತ ಇಂದಿಗೂ ಅದನ್ನು ಒಪ್ಪಿಕೊಂಡಿಲ್ಲ. ರಾಯಣ್ಣನ ಪ್ರತಿಮೆ ನಿಲ್ಲಿಸುವ ನಾಡಿಗೆ ಇದು ಶೋಭಿಸದು.

ದುಡಿಯುವ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ಮುಷ್ಕರ ಹೂಡಿದವನನ್ನು ಗೂಂಡಾ ಎಂದು ಕರೆದುಬಿಟ್ಟರೆ ಅವನ ಬೇಡಿಕೆಯನ್ನು ಕೇಳುವವರೇ ಇರುವುದಿಲ್ಲ. ಹಾಗೆಂದು ನಮ್ಮ ಮೆಚ್ಚಿನ ಪಕ್ಷದವರಿಗಷ್ಟೇ ದಯೆ ಕೇಳುವುದೂ ನ್ಯಾಯವಲ್ಲ. ಆಯುಧ ಕೆಳಗಿಟ್ಟವನು ಯಾರ ಕಡೆಯವನಾದರೂ ಅವನ ಜೀವ ಕಾಯಬೇಕು. ಕೊಟ್ಟ ಮಾತು ನಡೆಸಬೇಕು. ಮುಂದೆ ಯಾವ ಯುದ್ಧದ ಸುದ್ದಿ ಕೇಳಿದರೂ, ಗೆದ್ದವರಾರೆಂದು ಕೇಳುವ ಮೊದಲು ಸೆರೆಸಿಕ್ಕವರು ಹೇಗಿದ್ದಾರೆಂದು ಕೇಳೋಣ.