ಎರಡು ರಾತ್ರಿಯ ಬಿಡಾರ

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮೊನ್ನೆ ಒಂದು ವಾದ ನಡೆಯಿತು. ಕಾವ್ಯದ ವಾದವಲ್ಲ, ರಾಜಕೀಯದ್ದೂ ಅಲ್ಲ. ಎರಡು ದಿನದ ಕೆಲಸಕ್ಕೆಂದು ಬೆಂಗಳೂರಿಗೆ ಹೋದವನು ಎಲ್ಲಿ ಇಳಿದುಕೊಳ್ಳಬೇಕೆಂಬ ವಾದ. ಅರ್ಥಶಾಸ್ತ್ರದ ಮಿತ್ರರೊಬ್ಬರು ಆಗತಾನೆ ಹೋಗಿಬಂದಿದ್ದರು. “ಮೊಬೈಲಿನಲ್ಲಿ ನೋಡಿ ಏಳುನೂರು ರೂಪಾಯಿಗೆ ಕೋಣೆ ಹಿಡಿದೆ, ಮೇಷ್ಟ್ರೇ. ಊರಾಚೆ ಅನ್ನಿ. ಆದರೇನಂತೆ? ಎರಡು ರಾತ್ರಿಯ ಮಾತು. ತಲೆಯಿಡುವುದಕ್ಕೆ ಒಂದು ದಿಂಬಿದ್ದರೆ ಸಾಕು” ಎಂದರು. ಕೂತಿದ್ದವರೆಲ್ಲ ತಲೆದೂಗಿದರು. ಮಿತವ್ಯಯದ ಮಾತು ಯಾರ ಬಾಯಿಂದ ಬಂದರೂ ನಮ್ಮಲ್ಲಿ ಅದಕ್ಕೊಂದು ಗೌರವ ತಾನಾಗಿ ಸಲ್ಲುತ್ತದೆ. ನಾನೊಬ್ಬನೇ ತಲೆದೂಗಲಿಲ್ಲ. ಅಂದು ಗಂಟೆ ಹೊಡೆದದ್ದರಿಂದ ಅರ್ಧಕ್ಕೆ ನಿಂತ ವಾದವನ್ನು ಇಲ್ಲಿ ಮುಗಿಸುತ್ತೇನೆ.

ಮೊದಲು ಲೆಕ್ಕ. ಅರ್ಥಶಾಸ್ತ್ರದವರಿಗೆ ಕನ್ನಡದವನು ಲೆಕ್ಕ ಹೇಳುವುದು ಉದ್ಧಟತನವಾದರೆ ಕ್ಷಮೆಯಿರಲಿ. ಊರೊಳಗಿನ ಸಾಧಾರಣ ಕೋಣೆಗೆ ಸಾವಿರದ ನೂರು ರೂಪಾಯಿ, ಊರಾಚೆಯ ಕೋಣೆಗೆ ಏಳುನೂರು ಎಂದಿಟ್ಟುಕೊಳ್ಳೋಣ. ಎರಡು ರಾತ್ರಿಗೆ ಉಳಿದದ್ದು 800 ರೂಪಾಯಿ. ನನ್ನ ಮಿತ್ರರ ಕೋಣೆ ಮೆಜೆಸ್ಟಿಕ್ಕಿನಿಂದ ಸುಮಾರು 14 ಕಿಲೋಮೀಟರ್ ದೂರ. ಹತ್ತಿರದಲ್ಲಿ ಮೆಟ್ರೋ ಇಲ್ಲ. 2025ರ ಆಗಸ್ಟಿನಿಂದ ಜಾರಿಗೆ ಬಂದ ದರದಂತೆ ಆಟೋಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಎಂದರೆ ಒಂದು ಸವಾರಿಗೆ 252. ಅದೂ ಮೀಟರಿನಂತೆ ಬಂದರೆ. ಬರುತ್ತಾರೆಯೇ ಎಂಬ ಪ್ರಶ್ನೆಯನ್ನು ಬೆಂಗಳೂರು ಕಂಡವರು ಕೇಳುವುದಿಲ್ಲ. ಬೆಳಗ್ಗೆ ಬಸ್ಸಿಳಿದು ಕೋಣೆಗೆ ಒಂದು ಸವಾರಿ, ಎರಡು ದಿನ ಕೆಲಸಕ್ಕೆ ಹೋಗಿಬರಲು ನಾಲ್ಕು, ಮರಳಿ ಬಸ್ಸಿಗೆ ಒಂದು. ಒಟ್ಟು ಆರು ಸವಾರಿ, 1,512 ರೂಪಾಯಿ. ಎಂಟುನೂರು ಉಳಿಸಲು ಸಾವಿರದ ಐನೂರು ಖರ್ಚು! ಸಿಟಿಬಸ್ಸು ಹಿಡಿದರೆ ಹಣ ಉಳಿದೀತು, ನಿಜ. ಆಗ ಹೊತ್ತು ಹೋಗುತ್ತದೆ. ಎರಡೇ ದಿನಕ್ಕೆಂದು ಹೋದವನ ಬಳಿ ಹಣಕ್ಕಿಂತಲೂ ಕಡಮೆ ಇರುವ ವಸ್ತುವೆಂದರೆ ಹೊತ್ತೇ.

ಈ ಪಾಠವನ್ನು ನಾನೂ ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ನೋಡಲೆಂದು ಶಿವಮೊಗ್ಗದಿಂದ ಹೋಗಿದ್ದೆ. “ನಗರದ ಹೃದಯಭಾಗಕ್ಕೆ ಕೆಲವೇ ನಿಮಿಷ” ಎಂದು ಬರೆದಿದ್ದ ಕೋಣೆಯೊಂದನ್ನು ಚಿತ್ರ ನೋಡಿ ಹಿಡಿದೆ. ನಿಮಿಷಗಳು ಕೆಲವೇ ಆಗುವುದು ಬಹುಶಃ ರಾತ್ರಿ ಎರಡು ಗಂಟೆಗೆ, ಆಂಬ್ಯುಲೆನ್ಸಿನಲ್ಲಿ ಹೋದರೆ. ನಾನು ಹೋದದ್ದು ಬೆಳಗಿನ ಒಂಬತ್ತಕ್ಕೆ, ಬಸ್ಸಿನಲ್ಲಿ ನಿಂತು. ಗ್ರಂಥಾಲಯ ತಲುಪಿದಾಗ ಹನ್ನೊಂದು ಕಳೆದಿತ್ತು. ಸಂಜೆಯ ನೂಕುನುಗ್ಗಲಿಗೆ ಹೆದರಿ ನಾಲ್ಕಕ್ಕೇ ಎದ್ದೆ. ಎರಡು ದಿನದಲ್ಲಿ ಓದಿದ್ದಕ್ಕಿಂತ ಬಸ್ಸಿನ ಕಂಬಿ ಹಿಡಿದು ನಿಂತದ್ದೇ ಹೆಚ್ಚು. ಆ ಕೋಣೆಯಲ್ಲಿ ದಿಂಬೇನೋ ಇತ್ತು, ಮಿತ್ರರೇ. ದಿಂಬಿಗಾಗಿ ಯಾರೂ ಬೆಂಗಳೂರಿಗೆ ಹೋಗುವುದಿಲ್ಲ.

ನಮ್ಮ ಭಾಷೆಗೆ ಈ ವಿವೇಕ ಎಂದೋ ಗೊತ್ತಿತ್ತು. ಮದುವೆಗೆ ಬಂದ ಗಂಡಿನ ಕಡೆಯವರಿಗೆ ಬಿಡದಿ ಕೊಡುತ್ತೇವೆ. ಮೂರು ಮೈಲಿಯಾಚೆ ಬಾಡಿಗೆಯಿಲ್ಲದ ಬಂಗಲೆ ಸಿಕ್ಕಿತೆಂದು ಬೀಗರನ್ನು ಅಲ್ಲಿ ಇಳಿಸಿದ ಹೆಣ್ಣಿನ ತಂದೆಯನ್ನು ಯಾರಾದರೂ ಕಂಡಿದ್ದೀರಾ? ಚಪ್ಪರಕ್ಕೆ ಹತ್ತಿರದ ಮನೆಯನ್ನೇ ಕೇಳಿ ಪಡೆಯುತ್ತೇವೆ. ಅದು ಇಕ್ಕಟ್ಟಾದರೂ ಸರಿಯೆ, ಸುಣ್ಣ ಉದುರುತ್ತಿದ್ದರೂ ಸರಿಯೆ; ಮುಹೂರ್ತಕ್ಕೆ ಎದ್ದು ನಾಲ್ಕು ಹೆಜ್ಜೆಯಲ್ಲಿ ಬರುವಂತಿರಬೇಕು. ಬಿಡಾರದ ಗುಣ ನಿರ್ಧಾರವಾಗುವುದು ಅದರ ಗೋಡೆಯಿಂದಲ್ಲ, ಬಂದ ಕೆಲಸಕ್ಕೂ ಅದಕ್ಕೂ ಇರುವ ದೂರದಿಂದ.

ಆದ್ದರಿಂದ ಕೋಣೆ ಹುಡುಕುವವನು ಕೋಣೆಯಿಂದ ಹೊರಡಬಾರದು, ಕೆಲಸದಿಂದ ಹೊರಡಬೇಕು. ವಿಧಾನಸೌಧ, ಹೈಕೋರ್ಟು, ಕೇಂದ್ರ ಗ್ರಂಥಾಲಯ, ರವೀಂದ್ರ ಕಲಾಕ್ಷೇತ್ರ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು ಇವುಗಳಲ್ಲಿ ಕೆಲಸವಿದ್ದವರಿಗೆ ಮೆಜೆಸ್ಟಿಕ್, ಗಾಂಧಿನಗರ, ಚಿಕ್ಕಪೇಟೆ, ಶೇಷಾದ್ರಿಪುರದ ಹಳೆಯ ಲಾಡ್ಜುಗಳೇ ಲೇಸು. ರೈಲು, ಬಸ್ಸು ಎರಡೂ ಅಲ್ಲಿಯೇ. ಮೆಟ್ರೋದ ನೇರಳೆ, ಹಸಿರು ಮಾರ್ಗಗಳು ಕೂಡುವುದೂ ಅಲ್ಲಿಯೇ. ಆದರೆ ಮೆಜೆಸ್ಟಿಕ್ ಎಂಬ ಹೆಸರಿಗೆ ಕಣ್ಣುಮುಚ್ಚಿ ಮರುಳಾಗಬಾರದು. ನಿಮ್ಹಾನ್ಸಿಗೋ ಕಿದ್ವಾಯಿ ಆಸ್ಪತ್ರೆಗೋ ರೋಗಿಯನ್ನು ಕರೆದೊಯ್ಯುವವರಿಗೆ ವಿಲ್ಸನ್ ಗಾರ್ಡನ್ ಅಥವಾ ಜಯನಗರದ ಕಡೆಯ ಚಿಕ್ಕ ಕೋಣೆ ಮೇಲು. ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗುವವರಿಗೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಬಾಗಿಲಿಗೇ ಮೆಟ್ರೋ ಬಂದಿದೆ. ಹಸಿರು ಮಾರ್ಗದ ಯಾವ ನಿಲ್ದಾಣದ ಬಳಿ ಇಳಿದರೂ ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಗಾಡಿ ಬದಲಿಸಿದರಾಯಿತು. ನಡೆದು ಹೋಗುವಷ್ಟು ಹತ್ತಿರ ಸಿಗದಿದ್ದರೆ, ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಾದರೂ ಇರಲಿ.

ಬಾಡಿಗೆಯಷ್ಟೇ ಮುಖ್ಯವಾದ ಇನ್ನೊಂದು ವಿಷಯವನ್ನು ಜನ ಕೇಳುವುದೇ ಇಲ್ಲ: ದಿನ ಎಂದಿನಿಂದ ಎಂದಿನವರೆಗೆ? ನಮ್ಮ ಊರುಗಳ ರಾತ್ರಿ ಬಸ್ಸುಗಳು ಮೆಜೆಸ್ಟಿಕ್ ಮುಟ್ಟುವುದು ಬೆಳಗಿನ ಜಾವಕ್ಕೆ. ಮಧ್ಯಾಹ್ನ ಹನ್ನೆರಡಕ್ಕೆ ದಿನ ಬದಲಾಗುವ ಕಡೆ ಐದಕ್ಕೆ ಬಾಗಿಲು ತಟ್ಟಿದರೆ ಸ್ನಾನಕ್ಕೊಂದು ದಿನದ ಬಾಡಿಗೆ ಕೊಟ್ಟಂತೆ. ಹಳೆಯ ಲಾಡ್ಜುಗಳಲ್ಲಿ ಅನೇಕವು ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಇಟ್ಟಿವೆ. ಹೊಕ್ಕ ಹೊತ್ತಿನಿಂದಲೇ ದಿನ. ನೂರು ರೂಪಾಯಿ ಹೆಚ್ಚಾದರೂ ನಮ್ಮಂಥವರಿಗೆ ಅದೇ ಅಗ್ಗ. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ, ಕಿಟಕಿ ಬೀದಿಗೋ ಹಿತ್ತಿಲಿಗೋ, ಕೇಳಿಕೊಳ್ಳಿ. ಬಸ್‌ಸ್ಟ್ಯಾಂಡಿನಲ್ಲಿ ಚೀಲಕ್ಕೆ ಕೈ ಹಾಕಿ “ರೂಮ್ ಬೇಕಾ ಸಾರ್” ಎನ್ನುವವನ ಹಿಂದೆ ಹೋಗಬೇಡಿ. ಅವನ ದಲ್ಲಾಳಿ ನಿಮ್ಮ ಬಾಡಿಗೆಯಲ್ಲಿಯೇ ಸೇರಿರುತ್ತದೆ. ಕೋಣೆ ನೋಡಿ, ಹಾಸಿಗೆಯ ಅಂಚು ಎತ್ತಿ ತಿಗಣೆ ನೋಡಿ, ಆಮೇಲೆ ಹಣ ಕೊಡಿ.

ಇಷ್ಟಕ್ಕೆ ಇನ್ನೊಂದು ಪಕ್ಷದವರು ನಗುತ್ತಾರೆ. “ನೆಂಟರು ಇರುವಾಗ ಲಾಡ್ಜು ಯಾಕಪ್ಪ? ತಂಗಿಯ ಮನೆ ಇಲ್ಲವೇ?” ಎಂದು ನಮ್ಮ ಸೋದರಮಾವ ಪ್ರತಿಸಲವೂ ಕೇಳುತ್ತಾರೆ. ತಂಗಿಯ ಮನೆ ಇದೆ. ಅದರಲ್ಲಿ ಎರಡು ಕೋಣೆ, ಐದು ಜನ. ಒಂದು ಮಗು ಹತ್ತನೆಯ ತರಗತಿ. ಬೇಸಗೆಯಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಭಾವ ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ಬರುವವರು. ನಾನು ಹೋದರೆ ತಂಗಿ ಸಂತೋಷದಿಂದಲೇ ಹೋಳಿಗೆ ಮಾಡುತ್ತಾಳೆ, ಭಾವ ಸಂತೋಷದಿಂದಲೇ ಹಜಾರದಲ್ಲಿ ಮಲಗುತ್ತಾರೆ. ಅವರ ಸಂತೋಷದಲ್ಲಿ ನನಗೆ ಸಂದೇಹವಿಲ್ಲ; ಅದನ್ನು ಎಷ್ಟು ಸಲ ಖರ್ಚು ಮಾಡಬಹುದೆಂಬ ವಿಷಯದಲ್ಲಿ ಸಂದೇಹವಿದೆ. ಸಂಜೆ ಹೋಗಿ ಊಟ ಮಾಡಿ, ಮಕ್ಕಳ ಕೈಗೆ ಏನಾದರೂ ಕೊಟ್ಟು, ಹತ್ತರೊಳಗೆ ಬಿಡಾರಕ್ಕೆ ಮರಳುವವನನ್ನು ನೆಂಟರು ಮತ್ತೆ ಕರೆಯುತ್ತಾರೆ. ನೆಂಟಸ್ತನ ಉಳಿಯಬೇಕಾದರೆ ಅದರ ಮೇಲೆ ಹಾಸಿಗೆ ಹಾಸಬಾರದು.

ಇದುವರೆಗೆ ಹೇಳಿದ್ದೆಲ್ಲ ಸಂಬಳ ಬರುವ ಗಂಡಸಿನ ಮಾತಾಯಿತು. ನಾನು ತಪ್ಪು ಹೊಟೇಲು ಹಿಡಿದರೆ ಎರಡು ದಿನದ ಓದು ಕೆಡುತ್ತದೆ. ಮುಂದಿನ ರಜೆಯಲ್ಲಿ ಮತ್ತೆ ಹೋಗುತ್ತೇನೆ. ಎಲ್ಲರಿಗೂ ಮುಂದಿನ ರಜೆ ಇರುವುದಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳು ನೌಕರಿಯ ಪರೀಕ್ಷೆಗೆ ಬೆಂಗಳೂರಿಗೆ ಹೋದಳು. ತಂದೆ ಇಲ್ಲ; ತಾಯಿ ಕೂಲಿಗೆ ಹೋಗುವವರು, ಜೊತೆಗೆ ಬಂದರೆ ಎರಡು ದಿನದ ಕೂಲಿ ಹೋಗುತ್ತದೆ. ಸಾವಿರ ರೂಪಾಯಿ ಬದಿಗಿಟ್ಟುಕೊಂಡು ಹುಡುಗಿ ಒಬ್ಬಳೇ ಹೊರಟಳು. ರಾತ್ರಿ ಎಂಟು ಗಂಟೆಗೆ ಬಸ್‌ಸ್ಟ್ಯಾಂಡಿನ ಬಳಿ ಮೂರು ಲಾಡ್ಜುಗಳ ಮೆಟ್ಟಿಲು ಹತ್ತಿದಳು. ಮೂರರಲ್ಲೂ ಕೋಣೆ ಇತ್ತು, ಕೊಡಲಿಲ್ಲ. “ಒಂಟಿ ಹೆಂಗಸರಿಗೆ ಕೊಡೋದಿಲ್ಲಮ್ಮ” ಎಂದನಂತೆ ಒಬ್ಬ. “ಯಾರಾದರೂ ಗಂಡಸರು ಜೊತೆಗಿದ್ದಾರಾ?” ಎಂದನಂತೆ ಇನ್ನೊಬ್ಬ. ಮೂರನೆಯವನು ಏನೂ ಹೇಳದೆ ಮೇಲಿಂದ ಕೆಳಗೆ ನೋಡಿದನಂತೆ. ಗುರುತಿನ ಚೀಟಿ ಅವಳ ಕೈಯಲ್ಲಿತ್ತು, ಪರೀಕ್ಷೆಯ ಪ್ರವೇಶಪತ್ರ ಇತ್ತು, ಹಣ ಇತ್ತು. ಇಲ್ಲದಿದ್ದದ್ದು ಒಬ್ಬ ಗಂಡಸು. ರಾತ್ರಿಯೆಲ್ಲ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತು, ಬೆಳಗ್ಗೆ ಅಲ್ಲಿಯ ನಲ್ಲಿಯಲ್ಲಿ ಮುಖ ತೊಳೆದು ಪರೀಕ್ಷೆ ಬರೆದಳು. ಫಲಿತಾಂಶದಲ್ಲಿ ಅವಳ ಹೆಸರು ಇರಲಿಲ್ಲ. “ನಿದ್ದೆ ಬಂದುಬಿಡ್ತು ಸಾರ್, ಎರಡನೇ ಪೇಪರಿನಲ್ಲಿ” ಎಂದಳು. ಅಷ್ಟೇ ಹೇಳಿದಳು.

ವಯಸ್ಕಳಾದ ಹೆಣ್ಣುಮಗಳಿಗೆ ಒಬ್ಬಳೇ ಬಂದಳೆಂದು ಕೋಣೆ ನಿರಾಕರಿಸಿರೆಂದು ಹೇಳುವ ಯಾವ ಕಾನೂನೂ ಈ ದೇಶದಲ್ಲಿ ಇಲ್ಲ. “ಪೊಲೀಸರ ತೊಂದರೆ” ಎಂದು ಲಾಡ್ಜಿನವರು ಹೇಳುವುದು ಗಲ್ಲಾದ ಹಿಂದೆ ಕೂತು ತಾವೇ ಬರೆದುಕೊಂಡ ಶಾಸನ. ಹೆಣ್ಣುಮಗಳ ಸುರಕ್ಷತೆಗಾಗಿ ಅವಳನ್ನು ಕೋಣೆಯಿಂದ ಬೀದಿಗೆ ಕಳಿಸುವ ತರ್ಕವನ್ನು ನಾನು ಯಾವ ಶಾಸ್ತ್ರದಲ್ಲೂ ಓದಿಲ್ಲ.

ಈ ಮಾತು ಬಂದಾಗಲೆಲ್ಲ ನನಗೆ ಗುಬ್ಬಿ ತೋಟದಪ್ಪನವರ ನೆನಪಾಗುತ್ತದೆ. ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಗಳಿಸಿದ ಹಣದಿಂದ ಅವರು ರೈಲ್ವೆ ನಿಲ್ದಾಣದ ಬಳಿಯೇ ಛತ್ರ ಕಟ್ಟಿಸಿದರು. 1903ರಲ್ಲಿ ಅದು ಪ್ರಯಾಣಿಕರಿಗೆ ತೆರೆಯಿತು. ಅವರ ದಾನವನ್ನು ಎಲ್ಲರೂ ಹೊಗಳುತ್ತಾರೆ. ನಾನು ಹೊಗಳುವುದು ಅವರು ಆರಿಸಿದ ಜಾಗವನ್ನು. ಊರಾಚೆ ಅಗ್ಗದ ನೆಲ ಅಂದು ಬೇಕಾದಷ್ಟಿತ್ತು. ಅಲ್ಲಿ ಇದರ ಎರಡರಷ್ಟು ದೊಡ್ಡ ಛತ್ರ ಕಟ್ಟಿಸಿ ಎರಡರಷ್ಟು ಪುಣ್ಯ ಬರೆಸಿಕೊಳ್ಳಬಹುದಾಗಿತ್ತು. ರೈಲಿಳಿದವನು ಗಂಟು ಹೊತ್ತು ಎಷ್ಟು ದೂರ ನಡೆದಾನು ಎಂದು ಯೋಚಿಸಿದ ವ್ಯಾಪಾರಿ ಅವರು. ಜಾಗವೇ ಅರ್ಧ ದಾನ.

ಹಾಗೆಂದು ಛತ್ರಗಳ ಕಾಲವೇ ಸತ್ಯಯುಗವೆಂದು ನಾನು ಹಾಡುವುದಿಲ್ಲ. ನಾಡಿನ ಎಷ್ಟೋ ಛತ್ರಗಳಲ್ಲಿ ಹೊಸ್ತಿಲು ದಾಟುವ ಮೊದಲೇ ಜಾತಿ ಕೇಳುತ್ತಿದ್ದರು. ಬಾಡಿಗೆ ಕೊಟ್ಟವನಿಗೆ ಬೀಗದ ಕೈ ಕೊಟ್ಟ ಲಾಡ್ಜು ಆ ಮಟ್ಟಿಗೆ ದೊಡ್ಡ ಉಪಕಾರ ಮಾಡಿತು. ಅಂಥ ಲಾಡ್ಜು ಇಂದು ಬೇರೆ ಪ್ರಶ್ನೆ ಕೇಳಿ ಬಾಗಿಲು ಹಾಕುತ್ತಿದೆಯಲ್ಲ ಎಂಬುದೇ ನನ್ನ ಸಂಕಟ.

ಹಾಗಾದರೆ ಸರಕಾರ ಏನು ಮಾಡುತ್ತಿದೆ? ದಿನಕ್ಕೆ ಸಾವಿರ ರೂಪಾಯಿಯೊಳಗಿನ ಕೋಣೆಗೆ ಇದ್ದ ತೆರಿಗೆ ವಿನಾಯಿತಿಯನ್ನು 2022ರ ಜುಲೈಯಲ್ಲಿ ತೆಗೆದು ಶೇಕಡ 12 ಹಾಕಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನು 5ಕ್ಕೆ ಇಳಿಸಿತು. ಇಳಿಸಿದ್ದಕ್ಕೆ ವಂದನೆ. ಆದರೆ ಏಳು ಸಾವಿರದ ಕೋಣೆಗೂ ಅದೇ 5, ಏಳುನೂರರ ಕೋಣೆಗೂ ಅದೇ 5. ರೈಲ್ವೆಯವರ ವಿಶ್ರಾಂತಿ ಕೊಠಡಿಗಳು ಒಳ್ಳೆಯ ವ್ಯವಸ್ಥೆ. ಟಿಕೆಟಿದ್ದವರು ಮೊದಲೇ ಕಾಯ್ದಿರಿಸಬಹುದು. ಬಸ್ಸಿನಲ್ಲಿ ಬರುವ ಜನಕ್ಕೆ ಅದರಿಂದ ಪ್ರಯೋಜನವಿಲ್ಲ. ಬೆಂಗಳೂರಿನ ಬಸ್ ನಿಲ್ದಾಣಗಳ ಮೇಲೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಕಚೇರಿಗಳಿಗೂ ಅಂಗಡಿಗಳಿಗೂ ಬಾಡಿಗೆಗೆ ಕೊಟ್ಟಿದ್ದಾರೆ. ಅದರಲ್ಲಿ ಒಂದು ಅಂತಸ್ತು, ಒಂದೇ ಒಂದು ಅಂತಸ್ತು, ಹೊರಊರಿನಿಂದ ಬರುವ ಹೆಣ್ಣುಮಕ್ಕಳಿಗೂ ರೋಗಿಗಳ ಜೊತೆಗೆ ಬರುವವರಿಗೂ ಇರಲಿ ಎಂದರೆ ದುಬಾರಿ ಬೇಡಿಕೆಯೇ? ಸಾಲಾಗಿ ಮಂಚ, ಬೀಗವಿರುವ ಪೆಟ್ಟಿಗೆ, ಬಿಸಿನೀರು, ಬಾಗಿಲಲ್ಲಿ ಒಬ್ಬ ಹೆಂಗಸು ಕಾವಲು. ಧರ್ಮಕ್ಕೆ ಬೇಡ, ಮುನ್ನೂರು ರೂಪಾಯಿ ತೆಗೆದುಕೊಳ್ಳಲಿ.

ರಾಜಧಾನಿಯಲ್ಲಿ ಪರೀಕ್ಷೆ, ರಾಜಧಾನಿಯಲ್ಲಿ ಆಸ್ಪತ್ರೆ, ರಾಜಧಾನಿಯಲ್ಲಿ ಕೋರ್ಟು ಇಟ್ಟುಕೊಂಡು ನಾಡಿನ ಮೂಲೆಮೂಲೆಯಿಂದ ಜನರನ್ನು ಕರೆಯುವವರು ಅವರನ್ನು ಒಂದು ರಾತ್ರಿ ಎಲ್ಲಿ ಮಲಗಿಸುತ್ತೇವೆಂದು ಯೋಚಿಸಬೇಕು. ಬೀಗರನ್ನು ಕರೆದ ಮೇಲೆ ಬಿಡದಿ ಹುಡುಕುವುದು ಕರೆದವರ ಕೆಲಸ.

ಅರ್ಥಶಾಸ್ತ್ರದ ಮಿತ್ರರು ಇದನ್ನು ಓದುತ್ತಾರೆಂದು ಬಲ್ಲೆ. ಸೋಮವಾರ ಕೊಠಡಿಯಲ್ಲಿ ಉತ್ತರ ಕೊಡಲಿ. ಒಂದೇ ಮಾತು ಮೊದಲೇ ಹೇಳಿಡುತ್ತೇನೆ: ಆ ಹುಡುಗಿ ಬರುವ ವರ್ಷ ಮತ್ತೆ ಪರೀಕ್ಷೆ ಕಟ್ಟುತ್ತಿದ್ದಾಳೆ. ತಲೆಯಿಡಲು ದಿಂಬಿದ್ದರೆ ಸಾಕು ಎಂಬ ವಾಕ್ಯವನ್ನು ಅವರು ಅವಳೆದುರಿಗೆ ಹೇಳಬಾರದು.