ಪೋಲೀಸ ಖಾತೆಯ ಬೇಡಿಕೆಯೂ ಶಾಸನಸಭೆಯ ಹೊಣೆಯೂ

ಪ್ರತಿ ವರ್ಷದ ಮುಂಗಡಪತ್ರದ ಅಧಿವೇಶನದಲ್ಲಿ ಪೋಲೀಸ ಖಾತೆಯ ಹಣದ ಬೇಡಿಕೆಯು ವಿಧಾನಸಭೆಯ ಮುಂದೆ ಬರುವ ದಿನವೊಂದುಂಟು. ಕರ್ನಾಟಕದ ಲೆಕ್ಕಪತ್ರದಲ್ಲಿ ಗೃಹಖಾತೆಯನ್ನೂ ಸಾರಿಗೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಠಾಣೆಯ ಶಿಪಾಯಿಗೂ ಊರಿನ ಬಸ್ಸಿಗೂ ಏನು ಸಂಬಂಧವೆಂದು ಕೇಳುವ ಗೊಡವೆಗೆ ಯಾರೂ ಹೋಗಿಲ್ಲ. ಸಂವಿಧಾನದ 203ನೆಯ ಕಲಮಿನ ಪ್ರಕಾರ ಆ ದಿನ ಸಭೆಯು ಬೇಡಿಕೆಗೆ ಒಪ್ಪಬಹುದು, ಒಪ್ಪದಿರಬಹುದು, ಇಲ್ಲವೆ ಹಣವನ್ನು ಕಡಿಮೆ ಮಾಡಬಹುದು. ಪ್ರಜೆಗಳ ಕೈಯಲ್ಲಿ ಇದಕ್ಕಿಂತ ದೊಡ್ಡ ಅಧಿಕಾರ ಮತ್ತೊಂದಿಲ್ಲ. ಆದರೆ ನಡೆಯುವದೇನು? ಸದಸ್ಯರು ತಮ್ಮ ತಮ್ಮ ಕ್ಷೇತ್ರಕ್ಕೆ ಹೊಸ ಠಾಣೆಯನ್ನು ಕೇಳುತ್ತಾರೆ, ಸಚಿವರು ಪರಿಶೀಲಿಸುವದಾಗಿ ಉತ್ತರವೀಯುತ್ತಾರೆ, ಹೊತ್ತು ಮುಗಿಯುತ್ತದೆ. ಎಷ್ಟೋ ವರ್ಷಗಳಲ್ಲಿ ಅಷ್ಟೂ ನಡೆಯದೆ, ಉಳಿದ ಬೇಡಿಕೆಗಳೊಂದಿಗೆ ಇದೂ ಚರ್ಚೆಯಿಲ್ಲದೆ ಮತಕ್ಕೆ ಹೋಗಿ ಪಾಸಾಗುತ್ತದೆ.

ಈ ಅಧಿಕಾರಕ್ಕಾಗಿ ನಮ್ಮ ಹಿರಿಯರು ಎಷ್ಟು ಹೋರಾಡಿದರೆಂಬದನ್ನು ಸ್ವಲ್ಪ ನೆನೆಯಬೇಕು. ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯು ಆಗ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿತ್ತು. 1919ರ ಕಾಯಿದೆಯ ಪ್ರಕಾರ ಏರ್ಪಟ್ಟ ದ್ವಿಮುಖ ಆಡಳಿತದಲ್ಲಿ ವಿದ್ಯೆ, ಆರೋಗ್ಯ, ಸ್ಥಳಿಕ ಸ್ವರಾಜ್ಯಗಳನ್ನು ಜನರ ಮಂತ್ರಿಗಳಿಗೆ ಒಪ್ಪಿಸಿ, ಪೋಲೀಸ ಖಾತೆಯನ್ನೂ ಕಂದಾಯವನ್ನೂ ಗವರ್ನರನು ಕಾದಿಟ್ಟುಕೊಂಡನು. ಕೌನ್ಸಿಲಿನ ಸಭಾಸದರು ಪೋಲೀಸರ ಹಣವನ್ನು ಕಡಿತಗೊಳಿಸಿದರೂ ತನ್ನ ಹೊಣೆಯ ನಿರ್ವಾಹಕ್ಕೆ ಅದು ಅವಶ್ಯವೆಂದು ಗವರ್ನರನು ಒಂದು ಸಹಿ ಹಾಕಿದರೆ ತೀರಿತು, ಕಡಿದ ಹಣವು ಮರಳಿ ಬರುತ್ತಿತ್ತು. ಶಾಲೆಗೆ ಹಣ ಕೇಳಿದರೆ ಬೊಕ್ಕಸ ಬರಿದು, ಬೇಕಾದರೆ ಅಬಕಾರಿಯ ಉತ್ಪನ್ನವನ್ನು ನೆಚ್ಚಿರಿ ಎಂಬ ಉತ್ತರ. ಪೋಲೀಸರಿಗೆ ಹಣವೆಂದರೆ ಬೊಕ್ಕಸಕ್ಕೆ ತಳವೇ ಇಲ್ಲ. ಆ ಕಾಲದ ದೇಶಭಕ್ತರು ಇದನ್ನು ಪ್ರಹಸನವೆಂದು ಕರೆದದ್ದು ತಪ್ಪಲ್ಲ. 1937ರಲ್ಲಿ ಬಾಳ ಗಂಗಾಧರ ಖೇರರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದು ಕನ್ಹಯ್ಯಾಲಾಲ ಮುನಶಿಯವರು ಗೃಹಖಾತೆಯನ್ನು ವಹಿಸಿಕೊಂಡಾಗಲೂ ಪೋಲೀಸ ಕಾಯಿದೆಯ ವಿಷಯದಲ್ಲಿ ಗವರ್ನರನ ವಿಶೇಷಾಧಿಕಾರಗಳು ತಪ್ಪಿರಲಿಲ್ಲ. ಅವು ಪೂರ್ಣವಾಗಿ ಅಳಿದದ್ದು ಸ್ವಾತಂತ್ರ್ಯದೊಂದಿಗೇ. ಸಂವಿಧಾನವು ಸಾರ್ವಜನಿಕ ಶಾಂತಿಯನ್ನೂ ಪೋಲೀಸನ್ನೂ ರಾಜ್ಯಗಳ ಪಟ್ಟಿಯ ಮೊದಲೆರಡು ವಿಷಯಗಳನ್ನಾಗಿ ಇಟ್ಟಿತು. ಕಾದಿಟ್ಟ ಪೆಟ್ಟಿಗೆಯ ಕೀಲಿಕೈ ನಮ್ಮ ಪ್ರತಿನಿಧಿಗಳ ಕೈಗೆ ಬಂದಿತು. ಆ ಪೆಟ್ಟಿಗೆಯನ್ನು ತೆರೆದು ನೋಡುವವರೇ ಇಲ್ಲದಿರುವದು ಇಂದಿನ ನಮ್ಮ ದೂರು.

ಪೆಟ್ಟಿಗೆಯಲ್ಲಿ ಇರುವದೇನು? ಮಂಜೂರಾದ ಹುದ್ದೆಗಳ ಸಂಖ್ಯೆ ಒಂದು, ನಿಜವಾಗಿ ಕೆಲಸದ ಮೇಲಿರುವವರ ಸಂಖ್ಯೆ ಇನ್ನೊಂದು. ಕೇಂದ್ರ ಸರಕಾರದ ಪೋಲೀಸ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2020ರ ಜನೆವರಿ 1ರಂದು ಇಡೀ ದೇಶದಲ್ಲಿ ಲಕ್ಷ ಜನಸಂಖ್ಯೆಗೆ ಮಂಜೂರಾದ ಪೋಲೀಸರು 195 ಜನ; ಇದ್ದವರು ಸುಮಾರು 156. ಅಂದರೆ ಐದು ಜನ ಇರಬೇಕಾದಲ್ಲಿ ನಾಲ್ವರು. ಇದು ಪೋಲೀಸ ಖಾತೆಯೊಂದರ ರೋಗವೂ ಅಲ್ಲ. ಕರ್ನಾಟಕ ಸರಕಾರದ ಎಲ್ಲ ಇಲಾಖೆಗಳಲ್ಲಿ ಸೇರಿ ಈಚಿನ ವರ್ಷಗಳಲ್ಲಿ ತೆರವಾಗಿದ್ದ ಹುದ್ದೆಗಳು ಎರಡೂವರೆ ಲಕ್ಷಕ್ಕೂ ಮಿಕ್ಕಿದ್ದವೆಂದು ಸರಕಾರವೇ ಒಪ್ಪಿಕೊಂಡಿದೆ. ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಅಧಿಕಾರಿಯ ಮೇಜಿನ ಮೇಲೆ ಮೂರು ಮೇಜುಗಳ ಕಾಗದ. ಸಹಿಯ ಕೆಳಗೆ ‘ಪ್ರಭಾರ’ ಎಂಬ ಮುದ್ರೆ. ಹಳ್ಳಿಯಿಂದ ಬಂದ ರೈತನಿಗೆ ‘ಸಾಹೇಬರು ಇಂದು ಆ ತಾಲೂಕಿನಲ್ಲಿದ್ದಾರೆ’ ಎಂಬ ಉತ್ತರ.

ತೆರವಾದ ಹುದ್ದೆಯನ್ನು ತುಂಬುವದೆಂದರೆ ಜಾಹೀರಾತು ಕೊಟ್ಟು ಪರೀಕ್ಷೆ ನಡೆಯಿಸುವದಷ್ಟೇ ಅಲ್ಲವೇ ಎಂದು ಸಾಮಾನ್ಯರು ಕೇಳುವದುಂಟು. ಅಷ್ಟೇ ಆಗಿದ್ದರೆ 545 ಫೌಜದಾರರ ಕಥೆ ನಡೆಯುತ್ತಿರಲಿಲ್ಲ. 2021ರ ಜನೆವರಿಯಲ್ಲಿ ಸರಕಾರವು 545 ಪೋಲೀಸ ಸಬ್-ಇನ್ಸ್‌ಪೆಕ್ಟರರ ಹುದ್ದೆಗಳಿಗೆ ಅರ್ಜಿ ಕರೆಯಿತು. ಅಕ್ಟೋಬರ 3ಕ್ಕೆ ಲಿಖಿತ ಪರೀಕ್ಷೆ ನಡೆಯಿತು. ಸುಮಾರು 54 ಸಾವಿರ ಯುವಕ ಯುವತಿಯರು ಬರೆದರು. ತಾತ್ಕಾಲಿಕ ಆಯ್ಕೆಯ ಪಟ್ಟಿ ಹೊರಬಿದ್ದೊಡನೆ ಗುಲ್ಲೆದ್ದಿತು. 2022ರ ಮಾರ್ಚ ತಿಂಗಳಲ್ಲಿ ವಿಧಾನಮಂಡಲದಲ್ಲಿ ಪ್ರಶ್ನೆ ಬಂದಾಗ, ನೇಮಕದಲ್ಲಿ ಅಕ್ರಮವೇನೂ ನಡೆದಿಲ್ಲವೆಂದು ಆಗಿನ ಗೃಹಸಚಿವ ಅರಗ ಜ್ಞಾನೇಂದ್ರರು ಉತ್ತರಿಸಿದರು. ಆ ಉತ್ತರದ ಮಸಿ ಆರುವ ಮೊದಲೇ, ಏಪ್ರಿಲದಲ್ಲಿ, ಸಿ.ಐ.ಡಿ. ತನಿಖೆ ಪ್ರಾರಂಭವಾಗಿ ಕಲಬುರ್ಗಿಯ ಒಂದು ಪರೀಕ್ಷಾಕೇಂದ್ರದ ಉತ್ತರಪತ್ರಿಕೆಗಳ ಗುಟ್ಟು ಬಯಲಾಯಿತು. ಏಪ್ರಿಲ 29ರಂದು ಸರಕಾರವು ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈದಲ್ಲಿ ನೇಮಕ ವಿಭಾಗದ ಮೇಲಧಿಕಾರಿಯೇ ಬಂಧಿತನಾದನು. ಪೋಲೀಸರನ್ನು ಆರಿಸುವ ಪೋಲೀಸನನ್ನೇ ಪೋಲೀಸರು ಹಿಡಿದರೆಂದರೆ, ಇನ್ನೇನು ಹೇಳೋಣ!

ಸಚಿವರ ಆ ಉತ್ತರವು ಸುಳ್ಳೆಂದು ನಾವು ಹೇಳುವದಿಲ್ಲ. ಅಧಿಕಾರಿಗಳು ಬರೆದುಕೊಟ್ಟದ್ದನ್ನು ಅವರು ನಂಬಿ ಓದಿದ್ದಿರಬಹುದು. ಆದರೆ ಅಷ್ಟರಿಂದ ವಿಷಯವು ಹಗುರಾಗುವದಿಲ್ಲ, ಇನ್ನೂ ಭಾರವಾಗುತ್ತದೆ. ಸದನದಲ್ಲಿ ಕೊಟ್ಟ ಉತ್ತರವು ತಿಂಗಳೊಪ್ಪತ್ತಿನಲ್ಲಿ ಬಿದ್ದುಹೋದ ಮೇಲೆ, ಅದನ್ನು ಬರೆದುಕೊಟ್ಟವರಾರು, ಯಾವ ಕಾಗದಗಳ ಆಧಾರದ ಮೇಲೆ ಬರೆದರು ಎಂಬದನ್ನು ಕೇಳುವ ಹಕ್ಕು ಸದನಕ್ಕಿತ್ತು. ವಾದವಿವಾದಗಳಂತೂ ಸೆಪ್ಟೆಂಬರಿನ ಅಧಿವೇಶನದ ವರೆಗೂ ಜೋರಾಗಿ ನಡೆದವು. ಪಕ್ಷಗಳು ಒಂದರ ಮೇಲೊಂದು ಕೆಸರೆರಚಿದವು. ಹುದ್ದೆಗಳು ಮಾತ್ರ ತೆರವಾಗಿಯೇ ಉಳಿದವು. 2023ರ ನವೆಂಬರಿನಲ್ಲಿ ಉಚ್ಚನ್ಯಾಯಾಲಯವು ಸ್ವತಂತ್ರ ಸಂಸ್ಥೆಯೊಂದರ ಮೂಲಕ ಮರುಪರೀಕ್ಷೆ ನಡೆಯಬೇಕೆಂದು ತೀರ್ಪಿತ್ತಿತು. 2024ರ ಜನೆವರಿ 23ರಂದು ಅದು ನಡೆಯಿತು. ಅರ್ಜಿ ಕರೆದಂದಿನಿಂದ ಮೂರು ವರ್ಷ ಸಂದಿದ್ದವು. ಪ್ರಾಮಾಣಿಕವಾಗಿ ಓದಿ ಬರೆದು ಪಾಸಾಗಿದ್ದ ಬಡವರ ಮಕ್ಕಳು ಮತ್ತೆ ಪರೀಕ್ಷೆಗೆ ಕೂಡ್ರಬೇಕಾಯಿತು. 545 ಫೌಜದಾರರಿಲ್ಲದೆ ಠಾಣೆಗಳು ಮೂರು ವರ್ಷ ಹೇಗೆ ನಡೆದವೆಂಬ ಪ್ರಶ್ನೆಯನ್ನು ಯಾವ ಮುಂಗಡಪತ್ರದ ದಿನವೂ ಯಾರೂ ಎತ್ತಿ ಹಿಡಿದು ಕೇಳಲಿಲ್ಲ.

ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆವು. ಈ ಪ್ರಕರಣ ನಡೆದಾಗ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಬಾದಾಮಿ ಕ್ಷೇತ್ರದ ಪ್ರತಿನಿಧಿಗಳು. 2018ರಲ್ಲಿ 1,696 ಮತಗಳ ಅಂತರದಿಂದ ಅವರನ್ನು ಆರಿಸಿ ಕಳಿಸಿದ ಸೀಮೆಯಿದು; 2023ರ ಮೇ ತಿಂಗಳಲ್ಲಿ ಅವರು ಬೇರೆ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಗಳಾದರು. ಪ್ರಶ್ನೆ ಕೇಳುವವರೂ ಉತ್ತರ ಕೊಡುವವರೂ ಪೀಠ ಬದಲಿಸಿದರು. ಬಾದಾಮಿ ತಾಲೂಕಿನ ಹಳ್ಳಿಗನ ಕಣ್ಣಿಗೆ ಆ ಬದಲಾವಣೆಯು ಕಾಣಬೇಕಾದರೆ ಠಾಣೆಯ ಬಾಗಿಲಲ್ಲಿ ಕಾಣಬೇಕು.

ಇನ್ನು ಪಟ್ಟದಕಲ್ಲಿನ ಮಾತು. ಬಾದಾಮಿಯಿಂದ ಇಪ್ಪತ್ತು ಕಿಲೋಮೀಟರಿಗೆ ಮಿಕ್ಕಿದ ದಾರಿ. ಮಲಪ್ರಭೆಯು ಉತ್ತರಕ್ಕೆ ತಿರುಗಿ ಹರಿಯುವ ಸ್ಥಳ. 1987ರಿಂದ ಜಾಗತಿಕ ಪರಂಪರೆಯ ಪಟ್ಟಿಯಲ್ಲಿ ಸೇರಿದ ಊರು. ಈ ಚಿಕ್ಕ ಗ್ರಾಮದಲ್ಲಿ ಎಷ್ಟು ಸರಕಾರಗಳಿವೆಯೆಂದು ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಗುಡಿಗಳ ಪೌಳಿಯೊಳಗೆ ಕೇಂದ್ರದ ಪುರಾತತ್ವ ಇಲಾಖೆ, ಅದಕ್ಕೆ ಹಣ ಕೊಡುವದು ದಿಲ್ಲಿಯ ಸಂಸತ್ತು. ಪೌಳಿಯ ಹೊರಗೆ ಕಾಲಿಟ್ಟರೆ ಕಳ್ಳನನ್ನು ಹಿಡಿಯುವವನು ರಾಜ್ಯದ ಪೋಲೀಸ, ಅವನ ಪಗಾರಕ್ಕೆ ಮತ ಹಾಕುವದು ಬೆಂಗಳೂರಿನ ಸಭೆ. ಬೀದಿಯ ದೀಪ ಪಂಚಾಯತಿಯದು. ನದಿಯ ನೀರು ನೀರಾವರಿ ನಿಗಮದ್ದು. ಮನೆಯ ಗೋಡೆಯನ್ನು ರಿಪೇರಿ ಮಾಡಲು ಪುರಾತತ್ವದ ಕಾಯಿದೆಯ ಅಪ್ಪಣೆ ಬೇಕು, ಯಾಕಂದರೆ 2010ರ ತಿದ್ದುಪಡಿಯಿಂದ ಸ್ಮಾರಕದ ಸುತ್ತಲಿನ ನೂರು ಮೀಟರು ನಿಷಿದ್ಧ, ಅದರಾಚೆಯ ಇನ್ನೂರು ಮೀಟರು ನಿಯಂತ್ರಿತ. ಇವರೆಲ್ಲರ ಹಣವು ಬೇರೆ ಬೇರೆ ಸಭೆಗಳಲ್ಲಿ, ಬೇರೆ ಬೇರೆ ದಿನಗಳಲ್ಲಿ ಮಂಜೂರಾಗುತ್ತದೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ದಿನ ಯಾವ ಸಭೆಯಲ್ಲಿಯೂ ಇಲ್ಲ.

ಅದರ ಫಲವೇನೆಂಬದನ್ನು 2019ರ ಆಗಸ್ಟ ತಿಂಗಳು ತೋರಿಸಿತು. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯನ್ನು ಮೀರಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ಊರಿಗೂ ನುಗ್ಗಿತು. ಆಗ ರಾಜ್ಯದಲ್ಲಿ ಗೃಹಸಚಿವರಿದ್ದಿಲ್ಲ, ಕಂದಾಯ ಸಚಿವರಿದ್ದಿಲ್ಲ. ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು ಆಗಸ್ಟ 20ರ ವರೆಗೆ ಒಬ್ಬರೇ ಇಡೀ ಮಂತ್ರಿಮಂಡಲವಾಗಿದ್ದರು. ಸರಕಾರವನ್ನು ಬೀಳಿಸುವದರಲ್ಲಿಯೂ ಕಟ್ಟುವದರಲ್ಲಿಯೂ ತಿಂಗಳುಗಟ್ಟಲೆ ಕಳೆದ ಸಭೆಗೆ, ಪ್ರವಾಹದ ದಿನ ಹಳ್ಳಿಯ ಹೊಣೆ ಯಾರದೆಂಬದನ್ನು ವಿಚಾರಿಸುವ ವ್ಯವಧಾನವಿರಲಿಲ್ಲ. ಇಂಥ ವೇಳೆಯಲ್ಲಿ ಮೊದಲು ಬಂದು ನಿಲ್ಲಬೇಕಾದವರು ಠಾಣೆಯ ನಾಲ್ಕು ಜನ ಶಿಪಾಯಿಗಳೂ ತಾಲೂಕು ಕಚೇರಿಯ ಇಬ್ಬರು ಕಾರಕೂನರೂ. ಆ ನಾಲ್ವರಲ್ಲಿ ಒಬ್ಬನ ಹುದ್ದೆ ತೆರವಾಗಿದ್ದರೆ ನದಿಯೇನು ಕಾಯುವದಿಲ್ಲ.

ಹಳೆಯ ವ್ಯವಸ್ಥೆಯನ್ನು ಹೊಗಳುವ ಇಚ್ಛೆ ನಮಗಿಲ್ಲ. ಪೋಲೀಸ ಪಾಟೀಲ, ತಳವಾರ, ವಾಲೀಕಾರರೆಂಬ ವಂಶಪರಂಪರೆಯ ಕಾವಲು ಹಳ್ಳಿಗಳಲ್ಲಿತ್ತು. ಅದರೊಂದಿಗೆ ಜಾತಿಯ ಬಿಟ್ಟಿಚಾಕರಿಯೂ ಪಾಟೀಲನ ದರ್ಪವೂ ಇದ್ದವು. 1961ರ ಕಾಯಿದೆಯಿಂದ ಆ ವತನಗಳನ್ನು ಕಿತ್ತೊಗೆದದ್ದು ನ್ಯಾಯವೇ. ಆದರೆ ಕಿತ್ತ ಜಾಗದಲ್ಲಿ ಸರಕಾರವು ನೆಟ್ಟದ್ದು ಕಾಗದದ ಮೇಲಿನ ಹುದ್ದೆಯಾದರೆ ಹಳ್ಳಿಗನಿಗೆ ಎರಡೂ ಇಲ್ಲವಾದಂತಾಯಿತು. ಇದಕ್ಕಿಂತ ಹಿಂದಕ್ಕೆ ಹೋದರೆ, ಕ್ರಿ.ಶ. 725ರ ಸುಮಾರಿಗೆ ಯುವರಾಜ ವಿಕ್ರಮಾದಿತ್ಯನು ಇಂದಿನ ಲಕ್ಷ್ಮೇಶ್ವರದ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಹಾಕಿಕೊಟ್ಟ ಆಚಾರವ್ಯವಸ್ಥೆಯ ಶಾಸನ ಸಿಕ್ಕುತ್ತದೆ. ರಾಜಪುರುಷರು ಊರಿನ ಯಾವ ಹಕ್ಕುಗಳನ್ನು ಕಾಯಬೇಕು, ಊರಿನ ಒಕ್ಕಲುಗಳು ಅಂತಸ್ತಿಗೆ ತಕ್ಕಂತೆ ಎಷ್ಟು ತೆರಬೇಕು ಎಂಬ ಎರಡನ್ನೂ ಒಂದೇ ಕಲ್ಲಿನ ಮೇಲೆ ಕೊರೆಯಿಸಿದ್ದಾರೆ. ಅದೇ ವಿಕ್ರಮಾದಿತ್ಯನು ಅರಸನಾದ ಮೇಲೆ ಅವನ ರಾಣಿ ಲೋಕಮಹಾದೇವಿಯು ಕಟ್ಟಿಸಿದ್ದು ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಅರಸೊತ್ತಿಗೆಯ ಕಾಲದಲ್ಲಿ ತೆರಿಗೆಯನ್ನೂ ಹೊಣೆಯನ್ನೂ ಒಂದೇ ಕಲ್ಲಿನಲ್ಲಿ ಓದಬಹುದಾಗಿತ್ತು. ಇಂದು ತೆರಿಗೆಯ ಲೆಕ್ಕ ಒಂದು ಸಂಪುಟದಲ್ಲಿ, ಹೊಣೆಯ ಲೆಕ್ಕ ಯಾವ ಸಂಪುಟದಲ್ಲಿಯೂ ಇಲ್ಲ.

ಸದನವು ಪೋಲೀಸರ ವಿಷಯವನ್ನು ಚರ್ಚಿಸುವದೇ ಇಲ್ಲವೆಂದು ಯಾರಾದರೂ ಹೇಳಿದರೆ ಅದು ನ್ಯಾಯವಾದ ಮಾತಲ್ಲ. 2024ರ ಡಿಸೆಂಬರ 10ರಂದು ಬೆಳಗಾವಿಯ ಸುವರ್ಣ ವಿಧಾನಸೌಧದ ಸಮೀಪ, ಹುನಗುಂದ ತಾಲೂಕಿನ ಕೂಡಲಸಂಗಮದ ಪೀಠದ ಸ್ವಾಮಿಗಳ ಮುಂದಾಳುತನದಲ್ಲಿ ನಡೆದ ಪಂಚಮಸಾಲಿ ಮೀಸಲಾತಿಯ ಚಳವಳಿಯ ಮೇಲೆ ಲಾಠಿಪ್ರಹಾರವಾದಾಗ ಎರಡೂ ಸಭೆಗಳು ಕಾವೇರಿದವು. ಗೃಹಸಚಿವ ಪರಮೇಶ್ವರರು ಉತ್ತರ ಕೊಡಬೇಕಾಯಿತು. ಕೊಡಲೇಬೇಕಾದ ಉತ್ತರವದು. ನಾವು ಗಮನಿಸಿದ್ದು ಇಷ್ಟೇ: ಲಾಠಿ ಬಿದ್ದ ದಿನ ಸದನವು ಎದ್ದು ನಿಲ್ಲುತ್ತದೆ, ಲಾಠಿ ಹಿಡಿಯುವವನೂ ಇಲ್ಲದೆ ಕಳ್ಳತನದ ದೂರು ಆರು ತಿಂಗಳು ಬಿದ್ದಿರುವ ದಿನ ಅದು ಕುಳಿತೇ ಇರುತ್ತದೆ.

ಹೊಸ ಕಾಯಿದೆಗಳೇನೂ ಬೇಕಾಗಿಲ್ಲ. ಪ್ರಕಾಶ ಸಿಂಗ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ 22ರಂದು ಏಳು ಆಜ್ಞೆಗಳನ್ನಿತ್ತು, ಪ್ರತಿ ರಾಜ್ಯದಲ್ಲಿಯೂ ಭದ್ರತಾ ಆಯೋಗವೊಂದು ಇರಬೇಕೆಂದೂ ಅದು ಪೋಲೀಸರ ಕೆಲಸವನ್ನು ಅಳೆದು ವರದಿಯನ್ನು ಶಾಸನಸಭೆಯ ಮುಂದಿಡಬೇಕೆಂದೂ ಹೇಳಿತು. ಕರ್ನಾಟಕವು 1963ರ ತನ್ನ ಪೋಲೀಸ ಕಾಯಿದೆಯನ್ನು 2012ರಲ್ಲಿ ತಿದ್ದಿ ಈ ಆಯೋಗಕ್ಕೆ ಎಡೆ ಮಾಡಿಕೊಟ್ಟಿತು. ಬೇಡಿಕೆಯ ದಿನ ಯಾವ ಸದಸ್ಯನಾದರೂ ಎದ್ದು, ಹಣ ಕೊಡುವ ಮೊದಲು ಆ ಆಯೋಗದ ವರದಿಯನ್ನು ತನ್ನಿರೆಂದು ಕೇಳಬಹುದು. ಕಡಿತದ ಸೂಚನೆಯೊಂದನ್ನು ಮಂಡಿಸಿದರೆ ಸಾಕು, ಚರ್ಚೆಗೆ ದಾರಿಯಾಗುತ್ತದೆ. ಗವರ್ನರನ ಸಹಿಯ ಭಯ ಈಗಿಲ್ಲ.

ವರದಿಯೊಂದಿಗೆ ತಾಲೂಕುವಾರು ಕೋಷ್ಟಕವೂ ಬೇಕು. ಮಂಜೂರಾದವರೆಷ್ಟು, ಹಾಜರಿದ್ದವರೆಷ್ಟು, ಬೇರೆಡೆಗೆ ನಿಯೋಜನೆಯ ಮೇಲೆ ಹೋದವರೆಷ್ಟು, ತೆರವಾದ ಹುದ್ದೆ ಎಷ್ಟು ತಿಂಗಳಿಂದ ತೆರವಿದೆ? ಬಾದಾಮಿಯ ಕೋಷ್ಟಕದಲ್ಲಿ ಇನ್ನೊಂದು ಕಲಮು ಸೇರಲಿ. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ ಕೂಡುತ್ತದೆ; ಆ ಬಂದೋಬಸ್ತಿಗೆ ಯಾವ ಯಾವ ಠಾಣೆಯಿಂದ ಎಷ್ಟು ಜನರನ್ನು ಎಷ್ಟು ದಿನ ತೆಗೆದುಕೊಂಡರು, ಆ ದಿನಗಳಲ್ಲಿ ಆ ಠಾಣೆಗಳ ಹಳ್ಳಿಗಳಲ್ಲಿ ರಾತ್ರಿಯ ಗಸ್ತು ತಿರುಗಿದವರು ಯಾರು ಎಂಬದನ್ನೂ ಸಚಿವರು ಹೆಸರಿಲ್ಲದಿದ್ದರೂ ಸಂಖ್ಯೆಯಲ್ಲಿ ಬರೆದು ಸದನದ ಮೇಜಿನ ಮೇಲಿಡಲಿ.