‘ನಂಗೇನಾದ್ರೂ ಆಯ್ತದೆ’ ಅನ್ನೋದ ಬಿಡ್ರವ್ವ

ಹೋಟ್ಲಿಗೆ ಹೋದಾಗ ನಾವು ಹೆಂಗಸ್ರು ಹೇಳೋ ಒಂದು ಮಾತೈತಲ್ಲ, ‘ನಂಗೇನಾದ್ರೂ ಆಯ್ತದೆ’ ಅಂತ, ಆ ಮಾತು ಕಿವಿಗೆ ಬಿದ್ರೆ ನಂಗೆ ಮೈಯೆಲ್ಲ ಉರೀತದೆ. ಸಪ್ಲಯರ್ ಬಂದು ನಿಂತಿರ್ತಾನೆ. ಗಂಡಸ್ರು ಹೇಳ್ತಾರೆ, ಮಕ್ಕಳು ಹೇಳ್ತಾವೆ, ಎರಡು ವರ್ಷದ ಮೊಮ್ಮಗು ಕೂಡ ಪಕ್ಕದ ಟೇಬಲ್ಲಿನ ಪೂರಿ ಕಡೆ ಬೆಟ್ಟು ತೋರಿಸ್ತದೆ. ನಮ್ಮ ಸರದಿ ಬಂದಾಗ ಮಾತ್ರ ಏನಾದ್ರೂ ಆಯ್ತದೆ. ಇಲ್ಲಾಂದ್ರೆ ‘ನಂಗೆ ಹಸಿವಿಲ್ಲ, ಮಗೀದ್ರಲ್ಲೇ ಒಂಚೂರು ತಿಂತೀನಿ’. ಆಮೇಲೆ ಮಗು ಬಿಟ್ಟ ಅರ್ಧ ದೋಸೆ, ಅದೂ ತಣ್ಣಗಾಗಿ ಚಕ್ಕಳದಂಗೆ ಆದ್ಮೇಲೆ, ನಮ್ಮ ಪಾಲಿಗೆ.

ಇದ್ರಲ್ಲಿ ಮರ್ಯಾದೆ ಐತೆ ಅಂತ ನಮ್ಮೋರು ತಿಳ್ಕಂಡವ್ರೆ. ನಾನು ಒಪ್ಪಲ್ಲ. ಮನೇಲಿ ಹಿಟ್ಟು ಉಬ್ಬಿದ್ದು ಸಾಲದು ಅಂತ ಮುಚ್ಚಳ ತೆಗೀತಿದ್ದಂಗೇ ಹೇಳೋರು ನಾವು. ಸಾರಿಗೆ ಹುಳಿ ಕಮ್ಮಿ ಅಂತ ವಾಸನೇಲೇ ಕಂಡ್ಹಿಡಿಯೋರು ನಾವು. ಆ ಟೇಬಲ್ಲಿಗೆಲ್ಲ ಅಡುಗೆ ಗೊತ್ತಿರೋಳು ಒಬ್ಳೇ. ಅವಳೇ ಬಾಯಿ ಮುಚ್ಕಂಡು ಕೂತ್ರೆ ಹೋಟ್ಲಿನೋರು ಇನ್ಯಾರಿಗೆ ಹೆದರ್ಬೇಕು ಹೇಳಿ? ಗಂಡಸ್ರಿಗಾ? ಅವರು ಮೊಬೈಲ್ ನೋಡ್ಕಂಡು ಏನು ಕೊಟ್ರೂ ತಿಂದು ಎದ್ದು ಬರ್ತಾರೆ.

ಅದಕ್ಕೇ ಆಗಿರೋದು ಚಟ್ನಿಗೆ ಈ ಗತಿ. ನಾವಿರೋದು ಕಲ್ಪತರು ನಾಡಲ್ಲಿ. ತುರುವೇಕೆರೆ ಕಡೆಯಿಂದ ಬನ್ನಿ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬನ್ನಿ, ದಾರಿ ಉದ್ದಕ್ಕೂ ತೆಂಗಿನ ತೋಟ. ಉಂಡೆ ಕೊಬ್ಬರಿ ಅಂದ್ರೆ ದೂರದ ಊರಿನ ಯಾಪಾರಸ್ಥರೂ ತಿಪಟೂರು ಮಾರ್ಕೆಟ್ಟಿನ ರೇಟು ಕೇಳ್ತಾರೆ. ಅಂಥಾ ಊರಲ್ಲಿ ಕೂತು ಇಡ್ಲಿ ತಗಂಡ್ರೆ ಬಟ್ಟಲ ತುಂಬ ಹುರಿಗಡ್ಲೆ! ಒಂದು ಹೋಟ್ಲಲ್ಲಿ, ಹೆಸರು ಬ್ಯಾಡ, ಕೊಟ್ಟ ಚಟ್ನಿಗೆ ಚಮಚ ನೆಟ್ಟರೆ ನಿಂತ್ಕತಿತ್ತು. ಯಾಕಪ್ಪ ಹಿಂಗೆ ಅಂದ್ರೆ ‘ಕಾಯಿ ರೇಟು ನೋಡಿದ್ದೀರಾ ಅಮ್ಮ’ ಅಂದ.

ನೋಡಿದೀವಪ್ಪ. ತೋಟ ಇಟ್ಕಂಡಿರೋರಿಗೆ ರೇಟು ಹೇಳೋಕೆ ಬರ್ತೀಯಾ? 2025ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ ಇದ್ರೆ ಮಾರ್ಕೆಟ್ಟಲ್ಲಿ 20,000 ದಾಟಿ ಓಡ್ತು. ಕಾಯಿನೂ ಏರ್ತು. ಆಗ ಬೆಂಗಳೂರಿನ ಹೋಟ್ಲಿನೋರೂ ಕಾಯಿ ಚಟ್ನಿಗೆ ಕೈ ಬಿಗಿ ಹಿಡಿದ್ರು, ಅದನ್ನ ಇಲ್ಲ ಅನ್ನಲ್ಲ. ಆದ್ರೆ 2023ರಲ್ಲಿ ಏನಾಗಿತ್ತು? ಬೆಂಬಲ ಬೆಲೆ 11,750 ಇತ್ತು, ಮಾರ್ಕೆಟ್ಟಲ್ಲಿ ಅದೂ ಹುಟ್ಟದೆ ರೈತರು ಬೀದಿಗೆ ಬಂದ್ರು. ಆವತ್ತು ಯಾವ ಹೋಟ್ಲಿನೋನು ಅಯ್ಯೋ ಕಾಯಿ ಅಗ್ಗ ಆಗೈತೆ ಅಂತ ಚಟ್ನಿಗೆ ಎರಡು ಕಾಯಿ ಜಾಸ್ತಿ ತುರಿಸ್ದ? ಏರಿದಾಗ ಮಾತ್ರ ನೆನಪಾಗೋ ರೇಟು ಅದು. ಇಳಿದಾಗ ಬಾಯಿ ಬರಲ್ಲ.

ಒಂದು ಹಿಡಿ ಹುರಿಗಡ್ಲೆ ಹಾಕೋದ್ರಲ್ಲಿ ತಪ್ಪಿಲ್ಲ, ನಾನೂ ಹಾಕ್ತೀನಿ, ಚಟ್ನಿ ನೀರು ಬಿಡದಂಗೆ ಹಿಡ್ಕತದೆ. ಕಡ್ಲೆಬೀಜದ ಚಟ್ನಿ ಮಾಡಿ, ಟೊಮೆಟೊ ಚಟ್ನಿ ಮಾಡಿ, ಅದನ್ನ ಅದರ ಹೆಸರಲ್ಲೇ ಕೊಡಿ, ಖುಷಿಯಾಗಿ ತಿಂತೀವಿ. ಹುರಿಗಡ್ಲೆ ಗಂಜಿ ಕಲಸಿ ಕಾಯಿ ಚಟ್ನಿ ಅಂತ ಬಡಿಸೋದಕ್ಕೆ ನಂಗೆ ಸಿಟ್ಟು. ಗುರುತು ಹಿಡಿಯೋದು ನಿಮಗೆ ನಾನು ಹೇಳ್ಕೊಡ್ಬೇಕಾ? ಕಾಯಿ ಇದ್ರೆ ನಾಲಿಗೆ ಮೇಲೆ ತರಿತರಿ ಸಿಕ್ಕಿ ಸಿಹಿ ಬಿಡ್ತದೆ. ಹುರಿಗಡ್ಲೆ ಆದ್ರೆ ಅಂಗಳಕ್ಕೆ ಮೆತ್ಕಂಡು ನೀರು ಕುಡಿಸ್ತದೆ. ಎರಡನೇ ಸಲ ಚಟ್ನಿ ಹಾಕೋಕೆ ಬಂದಾಗ ಕೇಳಿ, ‘ಇದ್ರಲ್ಲಿ ಕಾಯಿ ಎಷ್ಟು ಹಾಕಿದ್ದೀರಪ್ಪ?’ ಅಂತ. ಜಗಳ ಬ್ಯಾಡ, ಸುಮ್ನೆ ಕೇಳಿ. ಹತ್ತು ಜನ ಹೆಂಗಸ್ರು ಒಂದು ವಾರ ಕೇಳ್ಲಿ, ಒಳಗಡೆ ಭಟ್ಟರ ಕೈ ತಾನಾಗೇ ಕಾಯಿ ಕಡೆ ಹೋಯ್ತದೆ.

ಕೇಳಬೇಕಾದ್ದು ಇನ್ನೊಂದೈತೆ, ಅದು ರುಚಿಗಿಂತ ದೊಡ್ಡ ಮಾತು. ತಟ್ಟೆ ಇಡ್ಲಿ ಬೇಯಿಸೋವಾಗ ತಟ್ಟೆ ಮೇಲೆ ಒದ್ದೆ ಬಟ್ಟೆ ಹಾಸೋದು ನಮ್ಮ ಹಿಂದಿನೋರ ಪದ್ಧತಿ. ಬಟ್ಟೆ ಒಗೀಬೇಕು, ಒಣಗಿಸ್ಬೇಕು ಅನ್ನೋ ಸೋಮಾರಿತನಕ್ಕೆ ಕೆಲವರು ಪ್ಲಾಸ್ಟಿಕ್ ಹಾಳೆ ಹಾಸೋಕೆ ಶುರು ಮಾಡಿದ್ರು. ಬಿಸಿ ಹಬೇಲಿ ಪ್ಲಾಸ್ಟಿಕ್ಕು! 2025ರ ಫೆಬ್ರವರಿಯಲ್ಲಿ ಆರೋಗ್ಯ ಇಲಾಖೆಯವರು ರಾಜ್ಯದ ಸುಮಾರು 250 ಕಡೆ ನೋಡಿದಾಗ 50ಕ್ಕೂ ಹೆಚ್ಚು ಕಡೆ ಇದೇ ನಡೀತಿತ್ತಂತೆ. ಇನ್ನು ಹಾಸಂಗಿಲ್ಲ ಅಂತ ಮಾಡಿದ್ರು. ಆದ್ರೆ ಇಲಾಖೆಯೋರು ದಿನಾ ಬೆಳಗ್ಗೆ ಬಂದು ಪ್ರತಿ ಹೋಟ್ಲಿನ ಇಡ್ಲಿ ಪಾತ್ರೆ ಮುಚ್ಚಳ ತೆಗೀತಾರಾ? ದಿನಾ ಬರೋರು ನಾವು. ಇಡ್ಲಿ ಬೆನ್ನು ತಿರುಗಿಸಿ ನೋಡಿ, ಬಟ್ಟೆಯ ನೇಯ್ಗೆ ಅಚ್ಚು ಬಿದ್ದಿದ್ರೆ ಸರಿ. ಗಾಜಿನಂಗೆ ನುಣ್ಣಗಿದ್ರೆ ಬರೀ ತಟ್ಟೆಗೆ ಎಣ್ಣೆ ಸವರಿದ್ದೋ, ಪ್ಲಾಸ್ಟಿಕ್ಕೋ, ಕೇಳಲೇಬೇಕು.

ಇನ್ನು ಗೋಬಿ. ಮಕ್ಕಳು ಕೇಳ್ತಾವೆ ಅಂತ ಅಮ್ಮಂದಿರೂ ಅದನ್ನೇ ಚುಚ್ಚಿ ಚುಚ್ಚಿ ತಿನ್ನೋದ ನೋಡಿದೀನಿ. 2024ರ ಮಾರ್ಚಲ್ಲಿ ಸರ್ಕಾರ ಗೋಬಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕಂಗಿಲ್ಲ ಅಂತು. ಆಮೇಲೂ ಬೆಂಕಿ ಕೆಂಪಗೆ ಕಂಡ್ರೆ ಎದ್ದು ಬನ್ನಿ. ಇಷ್ಟೇ ಅದರ ಬಗ್ಗೆ ನನ್ನ ಮಾತು.

ಈಗ ಮನೆಯೋರ ವಾದಕ್ಕೆ ಬರ್ತೀನಿ. ‘ಇದೇ ದುಡ್ಡಲ್ಲಿ ಮನೇಲಿ ಹತ್ತು ಜನಕ್ಕೆ ಮಾಡಬೋದಿತ್ತು.’ ಬಿಲ್ಲು ಬಂದಾಗಲೆಲ್ಲ ಇದು ಬರ್ತದೆ, ಸೋಂಪಿನ ಜೊತೆ. ಮಾಡಬೋದಿತ್ತು, ಯಾರು? ಅಕ್ಕಿ-ಉದ್ದು ನೆನೆ ಹಾಕೋರು ಯಾರು, ಗ್ರೈಂಡರ್ ಕಲ್ಲು ಎತ್ತಿ ತೊಳೆಯೋರು ಯಾರು, ಚಳಿಗಾಲದಲ್ಲಿ ಹಿಟ್ಟು ಉಬ್ಬಲಿಲ್ಲ ಅಂತ ರಾತ್ರಿ ಎದ್ದು ಕಂಬಳಿ ಹೊದಿಸೋರು ಯಾರು? ಅಕ್ಕಿಗೆ ಇಷ್ಟು, ಉದ್ದಿಗೆ ಇಷ್ಟು, ಗ್ಯಾಸಿಗೆ ಇಷ್ಟು ಅಂತ ಲೆಕ್ಕ ಹಾಕ್ತಾರೆ, ನಮ್ಮ ಕೈಗೆ ಸೊನ್ನೆ. ಹೋಟ್ಲಿನೋನು ಮಾತ್ರ ಭಟ್ಟರ ಸಂಬಳ, ಪಾತ್ರೆ ತೊಳೆಯೋರ ಸಂಬಳ ಎಲ್ಲ ಸೇರಿಸೇ ಒಂದು ಪ್ಲೇಟಿಗೆ ರೇಟು ಹಾಕಿರ್ತಾನೆ. ಮನೆ ಇಡ್ಲಿ ಅಗ್ಗ ಆಗಿರೋದು ಯಾರದೋ ಸೊಂಟದ ಲೆಕ್ಕ ಬಿಟ್ಟಿರೋದಕ್ಕೆ.

ಹಂಗಾದ್ರೆ ಏನು ಹೇಳ್ಬೇಕು? ನನ್ನ ಕೇಳಿದ್ರೆ, ಮನೇಲಿ ಸುಲಭಕ್ಕೆ ಆಗದ್ದನ್ನ ಹೇಳಿ. ಉಪ್ಪಿಟ್ಟು, ಚಿತ್ರಾನ್ನ ದುಡ್ಡು ಕೊಟ್ಟು ತಿನ್ನಬೇಡಿ. ಸೆಟ್ ದೋಸೆ ತಗಳಿ, ಆ ದಪ್ಪ ಕಾವಲಿ ಮನೇಲಿಲ್ಲ. ಉದ್ದಿನ ವಡೆ ತಗಳಿ, ಆದ್ರೆ ಎಣ್ಣೆಯಿಂದ ಈಗ ಎದ್ದಿರ್ಬೇಕು, ಗಾಜಿನ ಕಪಾಟಲ್ಲಿ ಬೆವೆತಿರೋದು ಬ್ಯಾಡ. ಎಲ್ಲಕ್ಕಿಂತ ಮುಂಚೆ ತಟ್ಟೆ ಇಡ್ಲಿ. ನಮ್ಮ ಜಿಲ್ಲೆದೇ ತಿಂಡಿ ಅದು. ಕ್ಯಾತಸಂದ್ರದ ಪವಿತ್ರ ಹೋಟ್ಲಿನ ಹೆಸರು ಕೇಳಿದೋರೇ ಎಲ್ಲ, ಆದ್ರೆ ತಿಂದೋರು ಎಷ್ಟು ಜನ ಇದೀರಿ? ಗಂಡಸ್ರು ಬೆಂಗಳೂರಿಗೆ ಹೋಗ್ತಾ ಬರ್ತಾ ಇಳಿದು ತಿಂತಾರೆ, ನಮಗೆ ಬಂದು ವರ್ಣನೆ ಮಾಡ್ತಾರೆ. 2023ರ ಜೂನ್ 11ರಿಂದ ನಮಗೆ ಬಸ್ಸು ಬಿಟ್ಟಿ. ಸಿದ್ಧಗಂಗೆ ಮಠಕ್ಕೆ ಅಂತ ಗುಂಪು ಕಟ್ಕಂಡು ಹೋಗ್ತೀವಿ, ಕ್ಯಾತಸಂದ್ರದಲ್ಲೇ ಇಳೀತೀವಿ, ಬ್ಯಾಗಲ್ಲಿ ಕಟ್ಕಂಡೋದ ಪುಳಿಯೋಗರೆ ಬಿಚ್ತೀವಿ. ಒಂದ್ಸಲ ಆ ಡಬ್ಬಿ ಮನೇಲಿಟ್ಟು ಹೋಗಿ ಅಂತೀನಿ.

ಕಾಫಿ ಬೈಟು ಬ್ಯಾಡ. ಅವರು ಎರಡು ಬೆಟ್ಟು ಎತ್ತೋಕೆ ಮುಂಚೆ ನೀವೇ ‘ನಂಗೊಂದು ಫುಲ್ಲು, ಸಕ್ಕರೆ ಕಮ್ಮಿ’ ಅನ್ನಿ.

ತಟ್ಟೆ ಇಡ್ಲಿಗೆ ಹೋಗೋದಾದ್ರೆ ಬೆಳಗ್ಗೆನೇ ಹೋಗಿ, ಹಬೆ ಆಡ್ತಿರೋವಾಗ, ಮೇಲೊಂದು ಬೆಣ್ಣೆ ಹಾಕಿಸ್ಕಳಿ. ಹೊತ್ತು ಏರಿದ್ಮೇಲೆ ಇಡ್ಲಿನೂ ಬಿರುಸಾಯ್ತದೆ, ಕಾಯಿ ಚಟ್ನಿ ನಿಜವಾಗ್ಲೂ ಕಾಯಿದೇ ಆಗಿದ್ರೆ ಹುಳಿ ತಿರುಗೋಕೆ ಶುರುವಾಗಿರ್ತದೆ.